ಹಾಸನದ ಲ್ಯಾಬಿನಲ್ಲಿ ಉತ್ತರ 9.81 ಅಲ್ಲ: ಸರಳ ಲೋಲಕದಿಂದ ‘ಜಿ’ ಅಳೆಯುವ ಕ್ರಮ

ಪಿಯುಸಿ ಮತ್ತು ಬಿ.ಎಸ್ಸಿ. ಮೊದಲ ವರ್ಷದ ರೆಕಾರ್ಡುಗಳಲ್ಲಿ ಸರಳ ಲೋಲಕದ ಪ್ರಯೋಗ ಮುಗಿಯುವ ಸಾಲಿನಲ್ಲಿ ಸಾಮಾನ್ಯವಾಗಿ ಕಾಣುವ ಸಂಖ್ಯೆ 9.8 ಇಲ್ಲವೇ 9.81. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಗುರುತ್ವ ವೇಗೋತ್ಕರ್ಷ, ಅಂದರೆ ‘ಜಿ’, ಅಷ್ಟಿಲ್ಲ. ಇಲ್ಲಿಯ ಬೆಲೆ 9.78 ಮೀ/ಸೆ². ವ್ಯತ್ಯಾಸ ಶೇಕಡಾ 0.3 ಮಾತ್ರ. ಆದರೆ ಒಂದು ಮೀಟರ್ ದಾರ, ಒಂದು ಗುಂಡು, ಒಂದು ಸ್ಟಾಪ್‌ವಾಚ್ ಇದ್ದರೆ ಇಷ್ಟು ಸಣ್ಣ ವ್ಯತ್ಯಾಸವನ್ನೂ ಹಿಡಿಯಬಹುದು. ಗೊತ್ತಿರುವ ಉತ್ತರಕ್ಕೆ ಲೆಕ್ಕ ಹೊಂದಿಸುವುದನ್ನು ಬಿಟ್ಟು ನಿಜವಾಗಿ ಅಳೆಯಬೇಕು, ಅಷ್ಟೇ.

9.78 ಎಲ್ಲಿಂದ ಬಂತು

ಭೂಮಿ ತಿರುಗುವುದರಿಂದಲೂ ನಡುವಿನಲ್ಲಿ ಸ್ವಲ್ಪ ಉಬ್ಬಿರುವುದರಿಂದಲೂ ಸಮುದ್ರಮಟ್ಟದ ಬೆಲೆ ಸಮಭಾಜಕದಲ್ಲಿ 9.780, ಧ್ರುವಗಳಲ್ಲಿ 9.832. ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿಗೆ ಅಕ್ಷಾಂಶದಿಂದ ಜಿ ತೆಗೆಯುವ ಸೂತ್ರ ಹಾಕಿದರೆ ಸಮುದ್ರಮಟ್ಟಕ್ಕೆ 9.783 ಬರುತ್ತದೆ. ಮೇಲೇರಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 0.003 ಕಡಿಮೆಯಾಗುತ್ತದೆ. ಹಾಸನ ಸುಮಾರು 970 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಪಟ್ಟಣ ಸುಮಾರು 1,090 ಮೀಟರ್. ಹಾಗಾಗಿ ಎರಡು ಊರಿಗೂ 9.780ರ ಆಸುಪಾಸು. ಕೆಳಗಿನ ಬಂಡೆಯ ಸಾಂದ್ರತೆಯಿಂದ ಮೂರನೇ ದಶಮಾಂಶ ಸ್ಥಾನದಲ್ಲಿ ಒಂದಿಷ್ಟು ಏರುಪೇರು ಇರುತ್ತದೆ; ನಮ್ಮ ಪ್ರಯೋಗಕ್ಕೆ ಅದು ಕಾಣುವುದಿಲ್ಲ.

ಪುಸ್ತಕದ 9.80665 ಎಂಬುದು 1901ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಿಂದ ಗೊತ್ತುಮಾಡಿಕೊಂಡ ಪ್ರಮಾಣಿತ ಬೆಲೆ, ಹೆಚ್ಚುಕಡಿಮೆ 45 ಡಿಗ್ರಿ ಅಕ್ಷಾಂಶದ್ದು. 9.81 ಲಂಡನ್, ಪ್ಯಾರಿಸ್ ಕಡೆಯ ಬೆಲೆ. ಊರಿಂದೂರಿಗೆ ಈ ಬೆಲೆ ಬದಲಾಗುತ್ತದೆಂದು ಮೊದಲು ತಿಳಿದದ್ದೂ ಲೋಲಕದಿಂದಲೇ. 1672ರಲ್ಲಿ ಫ್ರೆಂಚ್ ಖಗೋಳಜ್ಞ ಜಾನ್ ರಿಷೆ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದಲ್ಲಿ ಸಮಭಾಜಕದ ಹತ್ತಿರ ಇರುವ ಕಯೆನ್‌ಗೆ ಒಯ್ದ ಲೋಲಕದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. 1817ರ ಸುಮಾರಿಗೆ ಹೆನ್ರಿ ಕೇಟರ್ ಲಂಡನ್ನಿನಲ್ಲಿ ಅಳೆದ ‘ಸೆಕೆಂಡು ಲೋಲಕ’ದ ಉದ್ದ 99.41 ಸೆಂ.ಮೀ. ಹೋಗಲು ಒಂದು ಸೆಕೆಂಡು, ಬರಲು ಒಂದು ಸೆಕೆಂಡು ತೆಗೆದುಕೊಳ್ಳುವ ಲೋಲಕ ಅದು. ಹಾಸನದಲ್ಲಿ ಅದೇ ಲೋಲಕ 99.1 ಸೆಂ.ಮೀ. ಇರಬೇಕು. ಮೂರು ಮಿಲಿಮೀಟರ್ ವ್ಯತ್ಯಾಸ, ಮೀಟರ್ ಸ್ಕೇಲಿನಲ್ಲಿ ಬರಿಗಣ್ಣಿಗೆ ಕಾಣುವಷ್ಟು.

ಸಾಮಾನು, ಜೋಡಣೆ

ಗುಂಡು: 2.5 ಸೆಂ.ಮೀ. ವ್ಯಾಸದ ಕಬ್ಬಿಣ ಅಥವಾ ಹಿತ್ತಾಳೆಯದು, ಕೊಂಡಿ ಸಮೇತ. ಕಬ್ಬಿಣದ್ದಾದರೆ ಸುಮಾರು 65 ಗ್ರಾಂ ತೂಗುತ್ತದೆ. ಮರದ ಗುಂಡು, ಪ್ಲಾಸ್ಟಿಕ್ ಗುಂಡು ಬೇಡ. ಗಾಳಿಯ ತಡೆಗೆ ನೂರು ಆಂದೋಲನ (ಒಮ್ಮೆ ಹೋಗಿ ಬಂದರೆ ಒಂದು ಆಂದೋಲನ) ಮುಗಿಯುವ ಮೊದಲೇ ಸೋತುಬಿಡುತ್ತವೆ.

ದಾರ: ಹತ್ತಿಯ ಹುರಿದಾರ ಮಳೆಗಾಲದ ಮಲೆನಾಡಿಗೆ ಒಗ್ಗದು. ತೇವಕ್ಕೆ ಉದ್ದ ಬದಲಾಗುತ್ತದೆ, ಹುರಿ ಬಿಚ್ಚಿಕೊಂಡು ಗುಂಡನ್ನು ಗಿರಗಿರ ತಿರುಗಿಸುತ್ತದೆ. ಮೀನಿನ ಗಾಳಕ್ಕೆ ಬಳಸುವ ತೆಳು ನೈಲಾನ್ ದಾರ ಪರವಾಗಿಲ್ಲ. ಆದರೆ ನೈಲಾನ್ ಭಾರಕ್ಕೆ ಜಗ್ಗುತ್ತದೆ: 0.25 ಮಿ.ಮೀ. ದಪ್ಪದ ಒಂದು ಮೀಟರ್ ದಾರ ಈ ಗುಂಡಿಗೆ ಕೆಲವು ಮಿಲಿಮೀಟರ್ ಉದ್ದವಾದೀತು. ಆದ್ದರಿಂದ ಗುಂಡು ತೂಗುಹಾಕಿ ಕಾಲು ಗಂಟೆ ಹಾಗೇ ಬಿಡಿ, ಆಮೇಲೆ ಅಳೆಯಿರಿ. ಮೇಜಿನ ಮೇಲೆ ದಾರ ಮಲಗಿಸಿ ಅಳೆದ ಉದ್ದಕ್ಕೆ ಅರ್ಥವಿಲ್ಲ.

ತೂಗುವ ಬಿಂದು: ಕಾರ್ಕನ್ನು ಉದ್ದುದ್ದ ಎರಡು ಹೋಳು ಮಾಡಿ, ನಡುವೆ ದಾರ ಇಟ್ಟು ಸ್ಟ್ಯಾಂಡಿನ ಕ್ಲಾಂಪಿನಲ್ಲಿ ಬಿಗಿಯಿರಿ. ಕಾರ್ಕಿನ ಕೆಳ ಅಂಚು ಚೂಪಾಗಿ, ಸಮನಾಗಿ ಇರಬೇಕು. ಅಂಚು ಸವೆದು ದುಂಡಗಾಗಿದ್ದರೆ ದಾರ ಅದರ ಮೇಲೆ ಸುತ್ತಿಕೊಂಡು ಬಿಡಿಸಿಕೊಂಡು ಮಾಡುತ್ತದೆ, ತೂಗುವ ಬಿಂದು ನಿಂತ ಕಡೆ ನಿಲ್ಲುವುದಿಲ್ಲ. ಸರಳಿಗೆ ನೇರವಾಗಿ ಗಂಟು ಹಾಕಿದರೂ ಇದೇ ತೊಂದರೆ.

ಸ್ಟ್ಯಾಂಡು ಅಲುಗಬಾರದು. ಇದನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಗುಂಡಿನ ಜೊತೆಗೆ ಸ್ಟ್ಯಾಂಡೂ ಕೂದಲೆಳೆಯಷ್ಟು ತೂಗಿದರೆ ಆವರ್ತಕಾಲ (ಒಂದು ಆಂದೋಲನಕ್ಕೆ ಹಿಡಿಯುವ ಸಮಯ) ಹೆಚ್ಚಾಗಿ ಉತ್ತರ ಕಡಿಮೆಯಾಗುತ್ತದೆ. ಸ್ಟ್ಯಾಂಡಿನ ಪಾದದ ಮೇಲೆ ಎರಡು ಇಟ್ಟಿಗೆ ಹೇರಿ, ಇಲ್ಲವೇ ಜಿ-ಕ್ಲಾಂಪಿನಿಂದ ಮೇಜಿಗೆ ಬಿಗಿಯಿರಿ. ಮೇಜಿನ ಕಾಲೇ ಆಡುತ್ತಿದ್ದರೆ ಕಾಗದ ಮಡಚಿ ತುರುಕಿ.

ಫ್ಯಾನ್ ಆರಿಸಿ. ಜೂನ್, ಜುಲೈ ಗಾಳಿಯಲ್ಲಿ ಕಿಟಕಿಗಳನ್ನೂ ಮುಚ್ಚಿ.

ಉದ್ದ

ಲೋಲಕದ ಉದ್ದವೆಂದರೆ ಕಾರ್ಕಿನ ಕೆಳ ಅಂಚಿನಿಂದ ಗುಂಡಿನ ಕೇಂದ್ರದವರೆಗೆ. ಕೇಂದ್ರ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಗುಂಡಿನ ತಳದವರೆಗೆ ಅಳೆದು, ವರ್ನಿಯರ್ ಕ್ಯಾಲಿಪರ್ಸಿನಿಂದ ಸಿಕ್ಕ ತ್ರಿಜ್ಯವನ್ನು ಕಳೆಯಿರಿ. ವ್ಯಾಸವನ್ನು ಮೂರು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ತಳಕ್ಕೆ ಒಂದು ಸೆಟ್‌ಸ್ಕ್ವೇರನ್ನು ಅಡ್ಡ ಹಿಡಿದರೆ ಓರೆ ನೋಟದ ತಪ್ಪು ಆಗುವುದಿಲ್ಲ. ಹಳೆಯ ಮರದ ಸ್ಕೇಲುಗಳ ಸೊನ್ನೆಯ ತುದಿ ಸವೆದಿರುತ್ತದೆ, 10 ಸೆಂ.ಮೀ. ಗುರುತಿನಿಂದ ಅಳೆಯಲು ತೊಡಗಿ ಕೊನೆಗೆ 10 ಕಳೆಯಿರಿ.

ಒಂದು ಮೀಟರಿನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಉತ್ತರದಲ್ಲಿ 0.01 ತಪ್ಪುತ್ತದೆ. ನಾವು ಹಿಡಿಯಬೇಕಾದ ವ್ಯತ್ಯಾಸ 0.03. ಇದು ನೆನಪಿದ್ದರೆ ಎಲ್ಲಿ ಎಷ್ಟು ಜಾಗ್ರತೆ ಬೇಕೆಂದು ತಾನಾಗಿ ತಿಳಿಯುತ್ತದೆ.

ಕಾಲ

ಪ್ರಯೋಗದ ಜೀವ ಇರುವುದು ಇಲ್ಲಿ. ಸ್ಟಾಪ್‌ವಾಚ್ ಅಥವಾ ಮೊಬೈಲ್ ಪರದೆ ಸೆಕೆಂಡಿನ ನೂರನೇ ಒಂದು ಭಾಗ ತೋರಿಸಿದರೂ ಬೆರಳಿನ ಏರುಪೇರು ಸುಮಾರು 0.2 ಸೆಕೆಂಡು. 20 ಆಂದೋಲನಕ್ಕೆ 40 ಸೆಕೆಂಡು. 40ರಲ್ಲಿ 0.2 ಎಂದರೆ ಶೇಕಡಾ 0.5. ಸೂತ್ರದಲ್ಲಿ (ಕೆಳಗೆ ‘ಲೆಕ್ಕ’ದಲ್ಲಿದೆ) ಆವರ್ತಕಾಲದ ವರ್ಗ ಇರುವುದರಿಂದ ಉತ್ತರದಲ್ಲಿ ಅದು ಶೇಕಡಾ 1, ಅಂದರೆ 0.1. ಹೀಗೆ ಅಳೆದವರಿಗೆ 9.7 ಬಂದರೂ ಸರಿ, 9.9 ಬಂದರೂ ಸರಿ. ಆ ಅಳತೆ 9.78 ಮತ್ತು 9.81ರ ನಡುವೆ ಏನನ್ನೂ ಹೇಳಲಾರದು. 100 ಆಂದೋಲನ ಎಣಿಸಿದರೆ ಅದೇ ಬೆರಳು, ಅದೇ ಗಡಿಯಾರ, ಆದರೆ ಅನಿಶ್ಚಿತತೆ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದನ್ನೇ ಐದು ಸಲ ಮಾಡಿ ಸರಾಸರಿ ತೆಗೆದರೆ ಇನ್ನೂ ಅರ್ಧ. ಒಟ್ಟು ಹದಿನೇಳು, ಹದಿನೆಂಟು ನಿಮಿಷದ ಎಣಿಕೆ. ಎರಡು ಗಂಟೆಯ ಪ್ರಾಕ್ಟಿಕಲ್ ಅವಧಿಯಲ್ಲಿ ಇದಕ್ಕೆ ಧಾರಾಳ ಸಮಯವಿದೆ.

ಗುಂಡನ್ನು ಪಕ್ಕಕ್ಕೆ ಎಳೆಯುವುದು 5 ಸೆಂ.ಮೀ. ಮಾತ್ರ, ಒಂದು ಮೀಟರ್ ಲೋಲಕಕ್ಕೆ ಅದು 3 ಡಿಗ್ರಿ. ಸೂತ್ರ ಸಣ್ಣ ಕೋನಕ್ಕಷ್ಟೇ ಸರಿ. 3 ಡಿಗ್ರಿಯಲ್ಲಿ ಉತ್ತರ 0.003ರಷ್ಟು ಕಡಿಮೆ ಬರುತ್ತದೆ, ಬಿಟ್ಟುಬಿಡಬಹುದು. 10 ಡಿಗ್ರಿಗೆ ಅದು 0.04, ಅಂದರೆ ನಾವು ಹುಡುಕುತ್ತಿರುವ ವ್ಯತ್ಯಾಸಕ್ಕಿಂತ ದೊಡ್ಡದು. 20 ಡಿಗ್ರಿಗೆ 0.15.

ಬಿಡುವಾಗ ತಳ್ಳಬಾರದು. ಬೆರಳು ತೆರೆದು ಸುಮ್ಮನೆ ಬಿಡಿ. ಗುಂಡು ಅಂಡಾಕಾರವಾಗಿ ಸುತ್ತಿದರೆ ನಿಲ್ಲಿಸಿ ಮತ್ತೆ ಬಿಡಿ. ಮೊದಲ ನಾಲ್ಕೈದು ಆಂದೋಲನ ಎಣಿಸದೆ ಹೋಗಲಿ.

ಗಡಿಯಾರ ಒತ್ತುವುದು ಗುಂಡು ತುದಿಯಲ್ಲಿದ್ದಾಗ ಅಲ್ಲ, ನಡುವಿನ ಬಿಂದುವನ್ನು ದಾಟುವಾಗ. ತುದಿಯಲ್ಲಿ ಅದು ನಿಂತಂತೆ ಇರುವುದರಿಂದ ಯಾವ ಗಳಿಗೆಯಲ್ಲಿ ತಿರುಗಿತೆಂದು ಕಣ್ಣಿಗೆ ತಿಳಿಯದು. ನಡುವಿನಲ್ಲಿ ವೇಗ ಅತಿ ಹೆಚ್ಚು. ದಾರದ ಹಿಂದೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದುಕೊಂಡು, ದಾರ ಎಡದಿಂದ ಬಲಕ್ಕೆ ಆ ಗೆರೆ ದಾಟಿದಾಗಲೆಲ್ಲ ಒಂದು ಎಣಿಕೆ.

ಎಣಿಕೆ ಶುರುವಾಗುವುದು ಸೊನ್ನೆಯಿಂದ. “ಮೂರು, ಎರಡು, ಒಂದು, ಸೊನ್ನೆ” ಎನ್ನುತ್ತಾ ಸೊನ್ನೆಗೆ ಗುಂಡಿ ಒತ್ತಿ, ನೂರಕ್ಕೆ ನಿಲ್ಲಿಸಿ. “ಒಂದು” ಎಂದು ಒತ್ತಿದರೆ ಆದದ್ದು 99 ಆಂದೋಲನ ಮಾತ್ರ. ಇಬ್ಬರಿದ್ದರೆ ಒಬ್ಬರು ಗಟ್ಟಿಯಾಗಿ ಎಣಿಸಿ, ಇನ್ನೊಬ್ಬರು ಪ್ರತಿ ಹತ್ತಕ್ಕೆ ಒಂದು ಗೀಟು ಹಾಕಿ.

ಲೆಕ್ಕ

ಜಿ = 39.478 × ಉದ್ದ ÷ ಆವರ್ತಕಾಲದ ವರ್ಗ. ಉದ್ದ ಮೀಟರಿನಲ್ಲಿ, ಕಾಲ ಸೆಕೆಂಡಿನಲ್ಲಿ. 39.478 ಎಂಬುದು ಪೈ ವರ್ಗದ ನಾಲ್ಕು ಪಟ್ಟು. ಇಲ್ಲಿ ಪೈಯನ್ನು 3.14 ಎಂದು ಹಿಡಿದರೆ ಉತ್ತರ 0.01 ಕಡಿಮೆಯಾಗುತ್ತದೆ, ಕ್ಯಾಲ್ಕುಲೇಟರಿನ ಪೈ ಬಳಸಿ.

ಒಂದು ಮಾದರಿ: ಉದ್ದ 100.0 ಸೆಂ.ಮೀ. 100 ಆಂದೋಲನಕ್ಕೆ ಐದು ಅಳತೆಗಳು 200.8, 201.0, 200.9, 201.1, 200.8 ಸೆಕೆಂಡು. ಸರಾಸರಿ 200.92. ಆವರ್ತಕಾಲ 2.0092, ಅದರ ವರ್ಗ 4.0369. ಭಾಗಿಸಿದರೆ 9.779. ಈಗ ಅನಿಶ್ಚಿತತೆ. ಐದು ಅಳತೆಗಳ ಚದುರುವಿಕೆಯಿಂದ ಸರಾಸರಿಗೆ 0.06 ಸೆಕೆಂಡು, ಅಂದರೆ ಶೇಕಡಾ 0.03, ವರ್ಗದಿಂದಾಗಿ ಅದು ಶೇಕಡಾ 0.06. ಉದ್ದಕ್ಕೆ ಒಂದು ಮಿಲಿಮೀಟರ್, ಶೇಕಡಾ 0.1. ಎರಡರ ವರ್ಗ ಕೂಡಿ ವರ್ಗಮೂಲ ತೆಗೆದರೆ ಶೇಕಡಾ 0.12, ಅಂದರೆ 0.01. ಬರೆಯಬೇಕಾದದ್ದು: 9.78 ± 0.01 ಮೀ/ಸೆ². ಲಂಡನ್ನಿನ 9.81 ಇದರಿಂದ ಮೂರು ಅನಿಶ್ಚಿತತೆಯಷ್ಟು ದೂರದಲ್ಲಿದೆ. ನಿಮ್ಮ ದಾರ ನಿಮ್ಮ ಊರನ್ನು ಗುರುತಿಸಿತು! 9.7793 ಎಂದು ನಾಲ್ಕು ದಶಮಾಂಶ ಬರೆಯಬೇಡಿ. ಕೊನೆಯ ಎರಡು ಅಂಕಿಗಳನ್ನು ನೀವು ಅಳೆದಿಲ್ಲ.

ಗ್ರಾಫ್ ಬೇಕಾದರೆ 60ರಿಂದ 110 ಸೆಂ.ಮೀ.ವರೆಗೆ ಆರು ಉದ್ದಗಳಿಗೆ ಆವರ್ತಕಾಲದ ವರ್ಗವನ್ನು ಗುರುತಿಸಿ. ಇಳಿಜಾರು ಮೀಟರಿಗೆ 4.037 ಬರಬೇಕು. ಗ್ರಾಫಿನ ದೊಡ್ಡ ಉಪಕಾರ ಬೇರೆಯದು. ಪ್ರತಿ ಉದ್ದದಲ್ಲೂ ಒಂದೇ ಮೊತ್ತದ ತಪ್ಪಿದ್ದರೆ, ಉದಾಹರಣೆಗೆ ತ್ರಿಜ್ಯ ಮತ್ತು ಕೊಂಡಿ ಸೇರಿಸುವುದು ಮರೆತಿದ್ದರೆ, ಗೆರೆ ಮೂಲಬಿಂದುವಿನ ಮೂಲಕ ಹಾಯುವುದಿಲ್ಲ, ಆದರೆ ಇಳಿಜಾರು ಕೆಡುವುದಿಲ್ಲ. ಮೂಲಬಿಂದುವಿಗೆ ಬಲವಂತವಾಗಿ ಗೆರೆ ಸೇರಿಸಿದರೆ ಈ ಉಪಕಾರವನ್ನು ಕೈಯಾರೆ ಕಳೆದುಕೊಂಡಂತೆ. ಕಾಗದದ ಮೇಲೆ ಕೈಯಿಂದ ಎಳೆದ ಗೆರೆಯ ಇಳಿಜಾರಿಗೆ ಈ ಪ್ರಯೋಗಕ್ಕೆ ಬೇಕಾದ ನಿಖರತೆ ಸಿಗುವುದು ಕಷ್ಟ. ಕ್ಯಾಲ್ಕುಲೇಟರಿನ ಅಥವಾ ಸ್ಪ್ರೆಡ್‌ಶೀಟಿನ ಕನಿಷ್ಠ ವರ್ಗ ವಿಧಾನ (ಲೀಸ್ಟ್ ಸ್ಕ್ವೇರ್ಸ್, ಬಿಂದುಗಳಿಗೆ ಅತ್ಯಂತ ಚೆನ್ನಾಗಿ ಹೊಂದುವ ಗೆರೆ ತೆಗೆಯುವ ಲೆಕ್ಕ) ಬಳಸಿ.

ಉತ್ತರ ನೋಡಿ ತಪ್ಪು ಹುಡುಕುವುದು

ಉತ್ತರ 10.2ರ ಹತ್ತಿರ ಬಂತೇ? 50 ಆಂದೋಲನವನ್ನು ಒಂದರಿಂದ ಎಣಿಸಿದ್ದೀರಿ. ಅದೇ ತಪ್ಪಿಗೆ 20 ಆಂದೋಲನದಲ್ಲಿ 10.8, 100ರಲ್ಲಿ 9.98 ಬರುತ್ತದೆ. 9.90 ಬಂದರೆ ಗುಂಡಿನ ತಳದವರೆಗೆ ಅಳೆದು ತ್ರಿಜ್ಯ ಕಳೆದಿಲ್ಲ. 9.6 ಬಂದರೆ ದಾರ ಮುಗಿಯುವಲ್ಲಿಗೇ ಅಳತೆ ನಿಲ್ಲಿಸಿ, ಕೊಂಡಿ ಮತ್ತು ತ್ರಿಜ್ಯ ಬಿಟ್ಟಿದ್ದೀರಿ. 9.7ರ ಸುತ್ತ ಪ್ರತಿ ಸಲವೂ ಬರುತ್ತಿದ್ದರೆ ಮೊದಲು ಸ್ಟ್ಯಾಂಡನ್ನು, ಆಮೇಲೆ ಎಳೆದ ದೂರವನ್ನು ಅನುಮಾನಿಸಿ. ಅಳತೆಗಳು ಒಂದರಿಂದ ಒಂದಕ್ಕೆ ಎರಡು ಸೆಕೆಂಡು ಜಿಗಿದರೆ ಎಣಿಕೆಯಲ್ಲಿ ಒಂದು ತಪ್ಪಿದೆ. ಆ ಸಾಲಿಗೆ ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆದು ಮತ್ತೆ ಮಾಡಿ.

ಮುಳ್ಳಯ್ಯನಗಿರಿಗೆ ಒಯ್ದರೆ?

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಲು ಇದು ಒಳ್ಳೆಯ ಪ್ರಶ್ನೆ. ಶಿಖರದ ಎತ್ತರ 1,930 ಮೀಟರ್, ಹಾಸನಕ್ಕಿಂತ 960 ಮೀಟರ್ ಹೆಚ್ಚು. ಜಿ ಸುಮಾರು 0.003 ಕಡಿಮೆ. 200 ಸೆಕೆಂಡಿನ ಎಣಿಕೆಯಲ್ಲಿ ಇದರಿಂದ ಬರುವ ವ್ಯತ್ಯಾಸ 0.03 ಸೆಕೆಂಡು. ಬೆರಳಿಗೆ ಸಿಗುವುದಿಲ್ಲ, ಮೇಲಾಗಿ ಅಲ್ಲಿಯ ಗಾಳಿಯಲ್ಲಿ ಲೋಲಕ ನೆಟ್ಟಗೆ ತೂಗುವುದೂ ಇಲ್ಲ. ಇಂಥ ಸೂಕ್ಷ್ಮ ವ್ಯತ್ಯಾಸ ಹಿಡಿಯಲೆಂದೇ ಬ್ರಿಟಿಷರ ಕಾಲದ ಭೂಮಾಪನ ಅಧಿಕಾರಿ ಕ್ಯಾಪ್ಟನ್ ಬಸೆವಿ 1865ರಿಂದ ಭಾರತದ ಉದ್ದಗಲಕ್ಕೂ ಲೋಹದ ಲೋಲಕಗಳನ್ನು ಹೊತ್ತು ತಿರುಗಿ, 1871ರಲ್ಲಿ ಲಡಾಖಿನ ಎತ್ತರದಲ್ಲಿ ಆ ಕೆಲಸದ ನಡುವೆಯೇ ತೀರಿಕೊಂಡರು. ಗಿರಿಯ ಮೇಲೆ ಎತ್ತರದ ಪರಿಣಾಮ ನೋಡುವ ಆಸೆಯಿದ್ದರೆ ಲೋಲಕದ ಬದಲು ಥರ್ಮಾಮೀಟರ್ ಒಯ್ಯಿರಿ. ನೀರು ಹಾಸನದಲ್ಲಿ ಸುಮಾರು 97 ಡಿಗ್ರಿಗೆ ಕುದಿದರೆ ಅಲ್ಲಿ ಸುಮಾರು 94ಕ್ಕೇ ಕುದಿಯುತ್ತದೆ.

ಎತ್ತರ ನಿಜವಾಗಿ ದೊಡ್ಡದಾದರೆ ಏನಾಗುತ್ತದೆಂಬ ಲೆಕ್ಕಕ್ಕೂ ಉದಾಹರಣೆ ಊರಲ್ಲೇ ಇದೆ. ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಭೂಕೇಂದ್ರದಿಂದ 42,164 ಕಿ.ಮೀ. ದೂರದಲ್ಲಿವೆ. ಅಲ್ಲಿ ಜಿ 0.22 ಮಾತ್ರ. ವಿಲೋಮ ವರ್ಗ ನಿಯಮದಿಂದ (ದೂರ ಎರಡು ಪಟ್ಟಾದರೆ ಜಿ ನಾಲ್ಕನೇ ಒಂದು ಭಾಗ) ಇದನ್ನು ಮೂರು ಸಾಲಿನಲ್ಲಿ ತೆಗೆಯಬಹುದು, ವಿದ್ಯಾರ್ಥಿಗಳಿಂದಲೇ ಮಾಡಿಸಿ.

ಅಂಕ ಕೊಡುವವರಿಗೆ

ಉತ್ತರ 9.8ಕ್ಕೆ ಎಷ್ಟು ಹತ್ತಿರ ಎಂದು ನೋಡಿ ಅಂಕ ಹಾಕಿದರೆ ಮಕ್ಕಳು ಕಲಿಯುವುದು ಅಂಕಿ ತಿದ್ದುವುದನ್ನು. ಅಳತೆಗಳನ್ನು ಪೆನ್ನಿನಲ್ಲೇ ಬರೆಸಿ. ತಪ್ಪಾದದ್ದನ್ನು ಒಂದೇ ಗೆರೆಯಿಂದ, ಕೆಳಗಿನ ಅಂಕಿ ಓದಲು ಬರುವಂತೆ ಹೊಡೆದುಹಾಕಲಿ. ಐದು ಅಳತೆಗಳೂ ದಶಮಾಂಶದವರೆಗೆ ಒಂದೇ ಇದ್ದರೆ ಕರೆದು ಇನ್ನೊಮ್ಮೆ ಎದುರಿಗೇ ಮಾಡಿಸಿ. 9.72 ± 0.08 ಎಂದು ಬರೆದು, ಸ್ಟ್ಯಾಂಡು ಅಲುಗುತ್ತಿತ್ತೆಂದು ಟಿಪ್ಪಣಿ ಹಾಕಿದ ಹುಡುಗಿಗೆ ಪೂರ್ತಿ ಅಂಕ ಕೊಡಿ. ಅನಿಶ್ಚಿತತೆಯಿಲ್ಲದ 9.81ಕ್ಕೆ ಅರ್ಧ.