ಗ್ಯಾಸ್ ಕಂಪನಿಯ ಲೆಕ್ಕ: ಯಾರು ಕೊಡಬೇಕು, ಯಾವಾಗ ಕೊಡಬೇಕು

ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ ಮನೆಮನೆಗೆ ಕೊಳವೆಯಲ್ಲಿ ಗ್ಯಾಸ್ ಕೊಡುವ ಒಂದು ಕಂಪನಿಯಲ್ಲಿ ನಾನು ರೆಗ್ಯುಲೇಟರಿ ಅಕೌಂಟಿಂಗ್ ಅನಲಿಸ್ಟ್. ಇದೆಂಥ ಕೆಲಸ ಎಂದು ಊರಿನವರು ಕೇಳಿದರೆ, ನಿಮ್ಮ ಬೆಸ್ಕಾಂ ಬಿಲ್ಲಿನಲ್ಲಿ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆಯ ಸಾಲನ್ನು ನೋಡಿ ಎನ್ನುತ್ತೇನೆ. ಗ್ಯಾಸಿನ ಬಿಲ್ಲಿನಲ್ಲಿ ಅಂಥದ್ದೇ ಸಾಲಿನ ಹಿಂದಿರುವ ಲೆಕ್ಕ ಇಡುವುದು, ಅದನ್ನು ದರ ನಿಗದಿ ಮಾಡುವ ರಾಜ್ಯದ ಆಯೋಗದ ಮುಂದೆ ಸಮರ್ಥಿಸುವುದು ನನ್ನ ಪಾಲಿನ ಕೆಲಸ.

ಕೊಂಡ ಗ್ಯಾಸನ್ನು ಮಾರುವುದರಲ್ಲಿ ನಮಗೆ ಲಾಭವಿಲ್ಲ. ಕೊಂಡ ಬೆಲೆಯೇ ಗ್ರಾಹಕರ ಬೆಲೆ. ಲಾಭವೇನಿದ್ದರೂ ಕೊಳವೆ, ಮೀಟರು ಮುಂತಾದವುಗಳಲ್ಲಿ ತೊಡಗಿಸಿದ ಬಂಡವಾಳದ ಮೇಲೆ, ಅದೂ ರಾಜ್ಯದ ಆಯೋಗ ಒಪ್ಪಿದಷ್ಟೇ. ಹಾಗಾಗಿ ಬೇರೆ ಕಂಪನಿಯ ಲೆಕ್ಕಿಗರು ಖರ್ಚು ಎಷ್ಟಾಯಿತು ಎಂದು ಕೇಳಿದರೆ, ನಾವು ಅದರ ಜೊತೆಗೇ ಇನ್ನೊಂದನ್ನು ಕೇಳುತ್ತೇವೆ: ಇದನ್ನು ಕೊಡಬೇಕಾದವರು ಗ್ರಾಹಕರೋ ಷೇರುದಾರರೋ? ಗ್ರಾಹಕರಾದರೆ ಯಾವ ವರ್ಷದವರು?

ಖಾತೆಗಳ ಸಂಖ್ಯೆಯನ್ನು ನಾವು ಇಟ್ಟುಕೊಂಡದ್ದಲ್ಲ. ಕೇಂದ್ರದ ಇಂಧನ ಆಯೋಗವಾದ ಫೆರ್ಕ್ ರೂಪಿಸಿದ ಏಕರೂಪ ಖಾತೆಪಟ್ಟಿಯಲ್ಲಿ ಬಳಕೆಯಲ್ಲಿರುವ ಸ್ಥಾವರಕ್ಕೆ 101, ನಿರ್ಮಾಣ ಹಂತದ ಕಾಮಗಾರಿಗೆ 107, ಬೀದಿಯ ಮುಖ್ಯ ಕೊಳವೆಗೆ 376. ನನ್ನ ತಿಂಗಳ ಕೊನೆಯನ್ನು ನುಂಗುವುದು 191, ಅಂದರೆ ಕೊಂಡ ಗ್ಯಾಸಿನ ಬಾಬತ್ತಿನಲ್ಲಿ ಇನ್ನೂ ವಸೂಲಾಗದ ಹಣ. ಗ್ಯಾಸಿಗೆ ಒಂದು ತಿಂಗಳು 62 ಲಕ್ಷ ಡಾಲರ್ ತಗುಲಿ, ಗ್ರಾಹಕರಿಂದ 57 ಲಕ್ಷ ಮಾತ್ರ ಬಂದಿದೆ ಎಂದುಕೊಳ್ಳಿ. ಉಳಿದ 5 ಲಕ್ಷ ಆ ತಿಂಗಳ ನಷ್ಟವಲ್ಲ. 191ಕ್ಕೆ ಡೆಬಿಟ್, ಗ್ಯಾಸ್ ಖರೀದಿ ವೆಚ್ಚದ ಹೊಂದಾಣಿಕೆ ಖಾತೆಯಾದ 805.1ಕ್ಕೆ ಕ್ರೆಡಿಟ್ ಹಾಕಿ, ಮುಂದಿನ ದರದಲ್ಲಿ ವಸೂಲು ಮಾಡುತ್ತೇವೆ. ಹೆಚ್ಚು ಬಂದಿದ್ದರೆ ಅದೇ ದಾರಿಯಲ್ಲಿ ಮರಳಿಸುತ್ತೇವೆ.

ಹೇಳಲು ಇಷ್ಟು ಸುಲಭ. ಆದರೆ ಎಲ್ಲ ಮನೆಗಳ ಮೀಟರನ್ನು ತಿಂಗಳ ಕೊನೆಯ ದಿನವೇ ಓದುವುದಿಲ್ಲ. 9ನೇ ತಾರೀಕು ಓದಿದ ಮನೆ ಆಮೇಲೆ ಉರಿಸಿದ ಗ್ಯಾಸ್ ಇನ್ನೂ ಯಾವ ಬಿಲ್ಲಿನಲ್ಲೂ ಇಲ್ಲ. ಅದನ್ನು ಕೊಂಡ ಖರ್ಚು ಮಾತ್ರ ಪುಸ್ತಕದಲ್ಲಿ ಕೂತಿದೆ. ಇದನ್ನು ಸರಿದೂಗಿಸದಿದ್ದರೆ ಚಳಿಗಾಲದ ಆರಂಭದಲ್ಲಿ 191 ಸುಮ್ಮನೆ ಊದಿಕೊಳ್ಳುತ್ತದೆ. ಆದ್ದರಿಂದ ಬಿಲ್ ಆಗದ ಬಳಕೆಯನ್ನು ಆ ದಿನಗಳ ಚಳಿಯ ಅಂಕಿಗಳಿಂದ ಅಂದಾಜು ಮಾಡುತ್ತೇನೆ. ಡಿಸೆಂಬರಿನಲ್ಲಿ ನಾನು ಲೆಡ್ಜರಿಗಿಂತ ಮೊದಲು ತೆರೆಯುವುದು ಹವಾಮಾನದ ಕಡತವನ್ನು.

ಈ ಖಾತೆಯ ನಿಜವಾದ ಪರೀಕ್ಷೆ ನಡೆದದ್ದು 2021ರ ಫೆಬ್ರುವರಿಯ ಶೀತಮಾರುತದಲ್ಲಿ. 15ನೇ ತಾರೀಕು ಸೋಮವಾರ ಪ್ರೆಸಿಡೆಂಟ್ಸ್ ಡೇ ರಜೆ. ಹಾಗಾಗಿ 12ರ ಶುಕ್ರವಾರವೇ ಶನಿವಾರದಿಂದ ಮಂಗಳವಾರದವರೆಗಿನ ನಾಲ್ಕು ದಿನಗಳ ಗ್ಯಾಸನ್ನು ಒಟ್ಟಿಗೆ ಕೊಳ್ಳಬೇಕಿತ್ತು. ದಕ್ಷಿಣದ ಗ್ಯಾಸ್ ಬಾವಿಗಳು ಹೆಪ್ಪುಗಟ್ಟಿದ್ದವು. ಹತ್ತು ಲಕ್ಷ ಬಿಟಿಯುಗೆ (ಗ್ಯಾಸನ್ನು ಅಳೆಯುವ ಶಾಖದ ಮಾನ) ಮೂರು ಡಾಲರಿನ ಆಸುಪಾಸಿನಲ್ಲಿರುತ್ತಿದ್ದ ಬೆಲೆ ಆ ವಾರ ಒಕ್ಲಹೋಮಾದ ಗ್ಯಾಸ್ ವಹಿವಾಟು ಕೇಂದ್ರವೊಂದರಲ್ಲಿ ಸಾವಿರ ಡಾಲರನ್ನೂ ದಾಟಿತು. ಇಡೀ ವರ್ಷದ ಗ್ಯಾಸಿಗೆ ಕೊಡುವಷ್ಟು ಹಣವನ್ನು ಕೆಲವೇ ದಿನಗಳಿಗೆ ತೆತ್ತ ಕಂಪನಿಗಳೂ ಇದ್ದವು. ಅಷ್ಟನ್ನೂ ಒಂದೇ ವರ್ಷದಲ್ಲಿ ವಸೂಲು ಮಾಡಿದರೆ ಗ್ರಾಹಕರ ಬೆನ್ನು ಮುರಿಯುತ್ತದೆ. ಮಾಡದಿದ್ದರೆ ಸಾಲದ ಬಡ್ಡಿ ಬೆಳೆಯುತ್ತದೆ. ಒಕ್ಲಹೋಮಾ, ಕಾನ್ಸಾಸ್, ಟೆಕ್ಸಸ್‌ಗಳು ದೀರ್ಘಾವಧಿಯ ಬಾಂಡ್‌ಗಳಿಂದ ಹಣ ಎತ್ತಿ, ಅದನ್ನು ಗ್ರಾಹಕರಿಂದ ಹಲವು ವರ್ಷಗಳಲ್ಲಿ ಹಂಚಿ ವಸೂಲು ಮಾಡುವ ದಾರಿ ಹಿಡಿದವು. ಟೆಕ್ಸಸ್ 2023ರಲ್ಲಿ ಎತ್ತಿದ್ದು ಸುಮಾರು 350 ಕೋಟಿ ಡಾಲರ್. (ಅಲ್ಲಿ ಗ್ಯಾಸಿನ ದರ ನೋಡಿಕೊಳ್ಳುವುದು ರೈಲ್‌ರೋಡ್ ಕಮಿಷನ್. ರೈಲು ಹೆಸರಿನಲ್ಲಿ ಮಾತ್ರ ಉಳಿದಿದೆ.)

ಅಂಥ ಬಾಕಿಯನ್ನು ಆಸ್ತಿ ಎಂದು ತೋರಿಸಲು ಅಮೆರಿಕದ ಲೆಕ್ಕಪತ್ರ ನಿಯಮ ಎಎಸ್‌ಸಿ 980ರ ಅನುಮತಿ ಇದೆ, ಆದರೆ ವಸೂಲಿ ಸಂಭವನೀಯ ಎಂದು ತೋರಿಸಿಕೊಟ್ಟರೆ ಮಾತ್ರ. ಆಡಿಟರ್ ಇದನ್ನೇ ಜಗ್ಗಿ ಕೇಳುತ್ತಾರೆ. ಆಯೋಗದ ಆದೇಶ ಕೈಯಲ್ಲಿದ್ದರೆ ಮಾತು ಮುಗಿಯಿತು. ಇಲ್ಲದಿದ್ದರೆ ಇಂಥದ್ದೇ ಪ್ರಕರಣದಲ್ಲಿ ಹಿಂದೆ ಏನಾಗಿತ್ತು ಎಂದು ಹುಡುಕಬೇಕು, ವಕೀಲರ ಅಭಿಪ್ರಾಯ ಪಡೆಯಬೇಕು. 'ಕೊಟ್ಟೇ ಕೊಡುತ್ತಾರೆ' ಎಂಬ ಮೇಲಧಿಕಾರಿಯ ಭರವಸೆ ಪುರಾವೆಯಲ್ಲ. ಭಾರತದ ವಿದ್ಯುತ್ ವಿತರಣಾ ಕಂಪನಿಗಳ ಪುಸ್ತಕಗಳಲ್ಲಿ ವರ್ಷಗಟ್ಟಲೆ ಬೆಳೆದ ಇಂಥ ಬಾಕಿಗಳನ್ನು ಕಾಲಮಿತಿಯೊಳಗೆ ತೀರಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದ್ದನ್ನು ಓದಿದಾಗ, ಅಲ್ಲಿನ ಲೆಕ್ಕಿಗರ ಪಾಡು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾವೇ ಗ್ರಾಹಕರಿಗೆ ಬಾಕಿ ಕೊಡಬೇಕಾಗುವುದೂ ಉಂಟು. 2017ರ ಡಿಸೆಂಬರ್ 22ರಂದು ಸಹಿಯಾದ ಕಾನೂನು ಕಂಪನಿ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಇಳಿಸಿತು. ಮುಂದೆ ಕಟ್ಟಬೇಕಾದ ತೆರಿಗೆಯೆಂದು ನಾವು ಗ್ರಾಹಕರಿಂದ ಆಗಲೇ ಪಡೆದಿದ್ದರಲ್ಲಿ ದೊಡ್ಡ ಭಾಗ ಇನ್ನು ಕಟ್ಟಬೇಕಾಗಿರಲಿಲ್ಲ. ಬೇರೆ ಉದ್ಯಮವಾದರೆ ಅದು ಲಾಭ. ನಮ್ಮಲ್ಲಿ ಖಾತೆ 254ಕ್ಕೆ, ಗ್ರಾಹಕರಿಗೆ ಹಿಂದಿರುಗಿಸಬೇಕಾದ ಹಣವಾಗಿ ಹೋಯಿತು. ಕೊಳವೆಗಳ ಸವಕಳಿಗೆ ಸಂಬಂಧಿಸಿದ ಭಾಗವನ್ನು ಆ ಕೊಳವೆಗಳ ಉಳಿದ ಆಯುಸ್ಸಿನುದ್ದಕ್ಕೂ ನಿಧಾನವಾಗಿಯೇ ಮರಳಿಸಬೇಕೆಂದು ಕಾನೂನೇ ಹೇಳುತ್ತದೆ.

ಇವೆಲ್ಲ ದೊಡ್ಡ ಮೊತ್ತಗಳು. ದರ ಪರಿಷ್ಕರಣೆಯ ಅರ್ಜಿ ಹಾಕಿದಾಗ ಎದುರಿನವರು ಹಿಡಿಯುವುದು ಮಾತ್ರ ಚಿಲ್ಲರೆಯನ್ನು. ಆಯೋಗದ ಸಿಬ್ಬಂದಿ, ಗ್ರಾಹಕರ ಪರ ವಕೀಲರು, ದೊಡ್ಡ ಕಾರ್ಖಾನೆಗಳವರು ಲಿಖಿತ ಪ್ರಶ್ನೆಗಳ ಕಂತೆಗಳನ್ನೇ ಕಳಿಸುತ್ತಾರೆ. ಒಮ್ಮೆ ಬಂದ ಪ್ರಶ್ನೆ ನಿವೃತ್ತಿ ಸಮಾರಂಭವೊಂದರ ಬಲೂನುಗಳ ಇನ್‌ವಾಯ್ಸ್ ಬಗ್ಗೆ: ಇದರಿಂದ ಗ್ಯಾಸ್ ಪೂರೈಕೆಗೆ ಏನು ಪ್ರಯೋಜನ? ನನಗೆ ನಗು ಬಂದರೂ ಪ್ರಶ್ನೆ ನ್ಯಾಯವಾದದ್ದು. ಉದ್ಯಮ ಸಂಘಕ್ಕೆ ಕಟ್ಟುವ ಚಂದಾದಲ್ಲಿ ರಾಜಕೀಯ ಲಾಬಿಗೆ ಹೋಗುವ ಪಾಲನ್ನು 426.4ಕ್ಕೆ, ದಾನಧರ್ಮವನ್ನು 426.1ಕ್ಕೆ ಮೊದಲೇ ಬೇರ್ಪಡಿಸಬೇಕು. ಪುಣ್ಯ ಷೇರುದಾರರದ್ದಾದರೆ ಖರ್ಚೂ ಅವರದ್ದೇ ಎಂಬುದು ಇಲ್ಲಿನ ತರ್ಕ, ನನಗೆ ಪೂರ್ತಿ ಒಪ್ಪಿಗೆ.

ಅರ್ಜಿ ಹಾಕುವ ಮುನ್ನ ಆಧಾರ ವರ್ಷದ, ಅಂದರೆ ಯಾವ ವರ್ಷದ ಖರ್ಚಿನ ಮೇಲೆ ಹೊಸ ದರ ಕೇಳುತ್ತೇವೋ ಆ ವರ್ಷದ, ಇನ್‌ವಾಯ್ಸ್‌ಗಳನ್ನು ಎದುರಾಳಿಯ ಕಣ್ಣಿನಿಂದ ನಾನೇ ಒಮ್ಮೆ ಜಾಲಾಡುತ್ತೇನೆ. ಊಟ, ಉಡುಗೊರೆ, ಪಂದ್ಯದ ಟಿಕೆಟ್ ಎಂಬ ಪದಗಳನ್ನು ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಸಿಕ್ಕಿದ್ದನ್ನು ಅರ್ಜಿಯ ಮೊತ್ತದಿಂದ ನಾವೇ ಕಳೆದು, ಹಾಗೆ ಕಳೆದಿದ್ದೇವೆ ಎಂದು ಸಾಕ್ಷ್ಯದ ಹೇಳಿಕೆಯಲ್ಲಿ ಬರೆಯುತ್ತೇವೆ. ಬಲೂನುಗಳೂ ಹಾಗೆಯೇ ಹೊರಬಿದ್ದವು.