ಕತ್ತಲಲ್ಲಿ ಬೆಳೆದು ತೂಕ ಕಳೆದುಕೊಂಡ ಹೆಸರುಕಾಳು

ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಜೀವವಿಜ್ಞಾನ ಕಲಿಸಲು ಆರಂಭಿಸಿದ ಮೊದಲ ಕೆಲವು ವರ್ಷ ನಾನು ದ್ಯುತಿಸಂಶ್ಲೇಷಣೆ ಮತ್ತು ಉಸಿರಾಟದ ಪಾಠವನ್ನು ಒಂದೇ ಚಿತ್ರದಲ್ಲಿ ಮುಗಿಸುತ್ತಿದ್ದೆ. ಕಪ್ಪುಹಲಗೆಯ ಎಡಕ್ಕೆ ಒಂದು ಮರ, ಬಲಕ್ಕೆ ಒಂದು ಹಸು, ನಡುವೆ ಎರಡು ಬಾಣ. ಆಕ್ಸಿಜನ್ ಮರದಿಂದ ಹಸುವಿಗೆ, ಕಾರ್ಬನ್ ಡೈಆಕ್ಸೈಡ್ ಹಸುವಿನಿಂದ ಮರಕ್ಕೆ. ಒಂದು ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸಸ್ಯಗಳು ಯಾವಾಗ ಉಸಿರಾಡುತ್ತವೆ ಎಂದು ಕೇಳಿದ್ದಕ್ಕೆ 38 ಮಕ್ಕಳ ಪೈಕಿ 31 ಮಂದಿ ‘ರಾತ್ರಿ’ ಎಂದು ಬರೆದಿದ್ದರು. ಇಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಸ್ಯಗಳು ಉಸಿರಾಡುವುದೇ ಇಲ್ಲ, ಅವು ನಮಗೆ ಆಕ್ಸಿಜನ್ ಕೊಡುತ್ತವೆ ಎಂದಿದ್ದರು. ಉತ್ತರಪತ್ರಿಕೆ ತಿದ್ದುತ್ತಾ ಕುಳಿತ ನನಗೆ ಪ್ರತಿ ಹಾಳೆಯಲ್ಲೂ ಕಂಡದ್ದು ನನ್ನದೇ ಬಾಣಗಳು. ಸಸ್ಯಗಳೂ ಹಗಲು ರಾತ್ರಿ ಉಸಿರಾಡುತ್ತವೆ, ಹಾಗಾಗಿ ಹಸುವಿನಿಂದ ಹೊರಟ ಬಾಣದಂಥದ್ದೇ ಇನ್ನೊಂದನ್ನು ಮರದಿಂದಲೂ ಎಳೆಯಬೇಕಿತ್ತು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಇದರಲ್ಲಿ ಭಾಷೆಯ ಪಾಲೂ ಇದೆ. ‘ಉಸಿರಾಟ’ ಎಂದೊಡನೆ ಮಗುವಿನ ಮನಸ್ಸಿಗೆ ಬರುವುದು ಮೂಗು ಮತ್ತು ಏರಿಳಿಯುವ ಎದೆ. ಗಿಡಕ್ಕೆ ಅವೆರಡೂ ಇಲ್ಲ. ಗಾಳಿಯನ್ನು ಒಳಗೆಳೆದು ಹೊರಬಿಡುವುದು ಒಂದು ಕ್ರಿಯೆ, ಜೀವಕೋಶದೊಳಗೆ ಸಕ್ಕರೆಯನ್ನು ಹಂತಹಂತವಾಗಿ ಒಡೆದು ಶಕ್ತಿ ಪಡೆಯುವುದು ಇನ್ನೊಂದು ಎಂದು ನಾನು ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಅದು ನೋಟ್‌ಬುಕ್ಕಿನಲ್ಲಿ ವ್ಯತ್ಯಾಸದ ಪಟ್ಟಿಯಾಗಿ ಉಳಿಯುತ್ತಿತ್ತೇ ಹೊರತು ಗಿಡದ ಬಗ್ಗೆ ಅವರ ಎಣಿಕೆಯನ್ನು ಬದಲಿಸುತ್ತಿರಲಿಲ್ಲ. ಹೀಗಾಗಿ ಮರುವರ್ಷ ಚಿತ್ರವನ್ನು ಬದಿಗಿಟ್ಟು, ಇಡೀ ಪಾಠವನ್ನು ಪ್ರಯೋಗಗಳ ಮೇಲೆ ನಿಲ್ಲಿಸಲು ತೀರ್ಮಾನಿಸಿದೆ.

ಪಿಷ್ಟದ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ: ಗಿಡವನ್ನು ಎರಡು ದಿನ ಕತ್ತಲಲ್ಲಿಟ್ಟು, ಎಲೆಯ ಒಂದು ಭಾಗಕ್ಕೆ ಕಪ್ಪು ಕಾಗದ ಸುತ್ತಿ, ಬಿಸಿಲಿಗಿಟ್ಟು, ಆಮೇಲೆ ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತನ್ನು ಸ್ಪಿರಿಟ್‌ನಲ್ಲಿ ತೆಗೆದು ಅಯೋಡಿನ್ ಹಾಕುವುದು. ಪಿಷ್ಟವಿರುವ, ಅಂದರೆ ಬೆಳಕು ಬಿದ್ದ ಭಾಗ ಕಡುನೀಲಿಯಾಗಬೇಕು. ನಾನು ಮಾಡಿದ ಮೊದಲ ತಪ್ಪು ಜುಲೈ ತಿಂಗಳನ್ನು ಆರಿಸಿಕೊಂಡದ್ದು. ನಮ್ಮಲ್ಲಿ ಆಗ ವಾರಗಟ್ಟಲೆ ಸೂರ್ಯನ ಮುಖ ಕಾಣದ ಕಾರಣ ಇಡೀ ಎಲೆ ಕಂದುಬಣ್ಣಕ್ಕೆ ತಿರುಗಿತು. ಎರಡನೆಯದು ಶಾಲೆಯ ಎದುರಿನ ದಾಸವಾಳವನ್ನು ನಂಬಿದ್ದು, ಅದರ ಲೋಳೆ ಬೀಕರಿನ ತುಂಬ ಹರಡಿಕೊಂಡಿತು. ತೆಳ್ಳಗಿನ ಅಲಸಂದೆ ಎಲೆ ಇದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಈರುಳ್ಳಿ ಎಲೆಯನ್ನು ಮಾತ್ರ ಆರಿಸಬಾರದು, ಅದು ಪಿಷ್ಟದ ಬದಲು ಸಕ್ಕರೆಯನ್ನೇ ಇಟ್ಟುಕೊಳ್ಳುತ್ತದೆ. ಮೂರನೆಯ ತಪ್ಪು ಅಪಾಯಕಾರಿಯಾಗಿತ್ತು. ಸ್ಪಿರಿಟ್ ಸುಮಾರು 78 ಡಿಗ್ರಿಗೇ ಕುದಿಯುತ್ತದೆ ಮತ್ತು ಅದರ ಆವಿ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ ಎಂದು ತಿಳಿದಿದ್ದರೂ, ಗಂಟೆ ಬಾರಿಸುವ ಹೊತ್ತಾಯಿತೆಂದು ಬೀಕರನ್ನು ನೇರವಾಗಿ ಉರಿಯ ಮೇಲಿಟ್ಟೆ. ಹೊತ್ತಿಕೊಂಡ ಬೆಂಕಿಯನ್ನು ಒದ್ದೆ ಗೋಣಿಚೀಲ ಮುಚ್ಚಿ ಆರಿಸಬೇಕಾಯಿತು. ಅಂದಿನಿಂದ ಬಿಸಿಯೂಟದ ಅಡುಗೆಮನೆಯಿಂದ ಕುದಿನೀರು ತರಿಸಿ, ಉರಿಯೇ ಇಲ್ಲದ ಕೋಣೆಯಲ್ಲಿ ಸ್ಪಿರಿಟ್ಟಿನ ಪ್ರಣಾಳವನ್ನು ಆ ನೀರಿನಲ್ಲಿ ಇಳಿಸುತ್ತೇನೆ.

ಇಷ್ಟೆಲ್ಲ ಮಾಡಿ ಎಲೆ ನೀಲಿಯಾದರೂ ತಿಳಿಯುವುದು ಬೆಳಕಿದ್ದಲ್ಲಿ ಆಹಾರ ತಯಾರಾಗುತ್ತದೆ ಎಂಬುದು ಮಾತ್ರ. ಗಿಡ ಆ ಆಹಾರವನ್ನು ತಾನೂ ಖರ್ಚು ಮಾಡುತ್ತದೆ ಎಂಬುದಕ್ಕೆ ದಾರಿ ತೋರಿಸಿದ್ದು ಗದ್ದೆ ಕೆಲಸಕ್ಕೆಂದು ಎರಡು ದಿನ ಶಾಲೆ ತಪ್ಪಿಸಿದ್ದ ಒಬ್ಬ ಹುಡುಗ. ಬೀಜ ಮೊಳೆಯುವಾಗ ಏನಾಗುತ್ತದೆ ಎಂದು ಕೇಳಿದಾಗ ಅವನು, “ಮೇಡಂ, ಭತ್ತ ಮೊಳಕೆಗೆ ಕಟ್ಟಿದ ಚೀಲದೊಳಗೆ ಕೈ ಹಾಕಿದ್ರೆ ಬಿಸಿ ಇರ್ತದೆ. ಅಪ್ಪ ನಡುನಡುವೆ ನೀರು ಚಿಮುಕಿಸ್ತಾರೆ, ಇಲ್ದಿದ್ರೆ ಮೊಳಕೆ ಬೆಂದು ಹೋಗ್ತದೆ ಅಂತ” ಎಂದ. ಭತ್ತವನ್ನು ನೆನೆಸಿ, ಬಸಿದು, ಚೀಲಕ್ಕೆ ತುಂಬಿ, ಮೇಲೆ ಹುಲ್ಲು ಹೊದೆಸಿ ಭಾರ ಹೇರುವುದನ್ನು ನಾನೂ ಚಿಕ್ಕಂದಿನಿಂದ ನೋಡಿದ್ದೆ. ಆ ಬಿಸಿಯೇ ನನ್ನ ಪಾಠ ಎಂದು ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮರುವಾರ ಎರಡು ಥರ್ಮಾಸ್ ಫ್ಲಾಸ್ಕ್ ತಂದೆವು. ಒಂದರಲ್ಲಿ ಮೊಳೆಯುತ್ತಿರುವ ಕಡಲೆ, ಇನ್ನೊಂದರಲ್ಲಿ ಬೇಯಿಸಿ ತಣಿಸಿದ ಕಡಲೆ. ಬಾಯಿಗೆ ಹತ್ತಿ, ಹತ್ತಿಯ ಮೂಲಕ ಉಷ್ಣಮಾಪಕ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ, ಅದು ಒಳಗೇ ನಿಂತು ಬೀಜಗಳ ಉಸಿರು ಕಟ್ಟಿಸದಿರಲೆಂದು ಫ್ಲಾಸ್ಕ್‌ಗಳನ್ನು ತಲೆಕೆಳಗಾಗಿ ನಿಲ್ಲಿಸಿದೆವು. ಎರಡು ದಿನದಲ್ಲಿ ಮೊಳಕೆಯ ಫ್ಲಾಸ್ಕ್ 24 ಡಿಗ್ರಿಯಿಂದ 33ಕ್ಕೆ ಏರಿತು, ಬೆಂದ ಕಾಳಿನದು ಇದ್ದಲ್ಲೇ ಇತ್ತು. ನಾನು ಹಿಗ್ಗಿದೆ. ಮೂರನೆಯ ದಿನ ಬೆಂದ ಕಾಳೂ ಬಿಸಿಯೇರತೊಡಗಿತು! ಸತ್ತ ಬೀಜ ಉಸಿರಾಡುವುದು ಹೇಗೆಂದು ತರಗತಿ ನಕ್ಕಿತು. ಫ್ಲಾಸ್ಕ್ ತೆರೆದಾಗ ಬಂದ ವಾಸನೆಯೇ ಉತ್ತರ ಹೇಳಿತು: ಒಳಗೆ ಬೂಷ್ಟು ಹಿಡಿದಿತ್ತು, ಉಸಿರಾಡುತ್ತಿದ್ದದ್ದು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು. ಒದ್ದೆ ಹುಲ್ಲಿನ ಬಣವೆ, ಗೊಬ್ಬರದ ಗುಂಡಿ ಕಾಯುವುದರ ಹಿಂದೆಯೂ ಇರುವುದು ಇವೇ. ಈಗ ಎರಡೂ ಬಗೆಯ ಕಾಳುಗಳನ್ನು ಮೊದಲೇ ಸೋಂಕುನಿವಾರಕದಲ್ಲಿ ತೊಳೆಯುತ್ತೇವೆ.

ಬಿಸಿ ಎಲ್ಲಿಂದ ಬಂತು ಎಂಬುದಕ್ಕೆ ಇಲ್ಲಿ ಲೆಕ್ಕ ಕೊಡಲು ಸಾಧ್ಯವಾಯಿತು. ಒಂದು ಗ್ಲೂಕೋಸ್ ಅಣು ಆಕ್ಸಿಜನ್‌ನೊಂದಿಗೆ ಪೂರ್ತಿಯಾಗಿ ಒಡೆದಾಗ ಜೀವಕೋಶಕ್ಕೆ ಸುಮಾರು 30ರಿಂದ 32 ಎಟಿಪಿ ಅಣುಗಳು, ಅಂದರೆ ಕೋಶ ತನ್ನ ಕೆಲಸಗಳಿಗೆ ಬಳಸುವ ಶಕ್ತಿಯ ಅಣುಗಳು, ಸಿಗುತ್ತವೆ. ಅಂದರೆ ಗ್ಲೂಕೋಸಿನಲ್ಲಿದ್ದ ಶಕ್ತಿಯ ಮೂರನೇ ಒಂದು ಪಾಲಿನಷ್ಟು ಮಾತ್ರ ಎಟಿಪಿಯಾಗಿ ಕೈಗೆ ಬಂದು, ಉಳಿದದ್ದು ಶಾಖವಾಗಿ ಹೋಗುತ್ತದೆ. ಮೈದಾನಕ್ಕೆ ಎರಡು ಸುತ್ತು ಓಡಿ ಬಂದ ಹುಡುಗಿಯ ಕೆನ್ನೆಯ ಬಿಸಿಯೂ ಭತ್ತದ ಚೀಲದ ಬಿಸಿಯೂ ಒಂದೇ ಬಗೆಯ ಸೋರಿಕೆ. ಕೋಶದ್ರವ್ಯದಲ್ಲಿ ಆರಂಭವಾಗಿ, ಕೋಶದೊಳಗಿನ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ಮುಗಿಯುವ ಈ ಕ್ರಿಯೆಯಲ್ಲಿ ಭತ್ತಕ್ಕೂ ಹುಡುಗಿಗೂ ಹೇಳಿಕೊಳ್ಳುವಂಥ ಭೇದವಿಲ್ಲ. ಭತ್ತ ತನ್ನ ಸಕ್ಕರೆಯನ್ನು ತಾನೇ ಮಾಡಿಕೊಂಡಿತ್ತು, ಹುಡುಗಿ ಅದನ್ನು ಅನ್ನವಾಗಿ ಉಂಡಿದ್ದಳು.

ನನಗೆ ಎಲ್ಲಕ್ಕಿಂತ ತೃಪ್ತಿ ಕೊಟ್ಟದ್ದು ತೂಕದ ಪ್ರಯೋಗ. ಅಕ್ಕಸಾಲಿಗರಾದ ಒಬ್ಬ ವಿದ್ಯಾರ್ಥಿಯ ತಂದೆ ಗ್ರಾಮಿನ ನೂರನೇ ಭಾಗವನ್ನು ತೋರಿಸುವ ತಮ್ಮ ಹಳೆಯ ತಕ್ಕಡಿಯನ್ನು ಶಾಲೆಗೆ ಕೊಟ್ಟರು. 3.92 ಗ್ರಾಂ ತೂಗುವ ನೂರು ಹೆಸರುಕಾಳನ್ನು ಕತ್ತಲ ಪೆಟ್ಟಿಗೆಯಲ್ಲಿ ಏಳು ದಿನ ಮೊಳಕೆ ಬರಿಸಿದೆವು. ಬಿಳಚಿಕೊಂಡು ಗೇಣುದ್ದ ಬೆಳೆದ ಸಸಿಗಳನ್ನು ನೋಡಿ ತೂಕ ಎಷ್ಟೋ ಪಟ್ಟು ಹೆಚ್ಚಿರಬೇಕೆಂದು ಎಲ್ಲರೂ ಪಣ ಕಟ್ಟಿದರು. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಎರಡು ದಿನ ಸತತವಾಗಿ ಒಂದೇ ತೂಕ ಬರುವವರೆಗೆ ಕಾದು ನೋಡಿದರೆ 2.98 ಗ್ರಾಂ. ಸುಮಾರು ಒಂದು ಗ್ರಾಂ ಮಾಯವಾಗಿದೆ ಎಂದು ನಾನು ಹಲಗೆಯ ಮೇಲೆ ಬರೆಯುತ್ತಿದ್ದಂತೆ ಹಿಂದಿನ ಬೆಂಚಿನಿಂದ, “ಮೇಡಂ, ಒಣಕಾಳಲ್ಲೂ ಸ್ವಲ್ಪ ನೀರು ಇರ್ತದಲ್ಲ?” ಎಂಬ ಮಾತು ಬಂತು. ಅದು ಸರಿಯಾಗಿತ್ತು. ಅಷ್ಟೇ ತೂಕದ ಬೇರೆ ನೂರು ಕಾಳನ್ನು ಹಾಗೆಯೇ ಒಣಗಿಸಿದಾಗ 3.61 ಗ್ರಾಂ ಬಂತು. ನಿಜವಾದ ನಷ್ಟ 0.63 ಗ್ರಾಂ ಮಾತ್ರ. ನನ್ನ ಲೆಕ್ಕವನ್ನು ತರಗತಿಯ ಎದುರಿನಲ್ಲೇ ಒರೆಸಿ ಬರೆದೆ.

ಇನ್ನು ನೂರು ಕಾಳನ್ನು ತೊಳೆದ ಮರಳಿನಲ್ಲಿ ಬಿತ್ತಿ ಬಯಲಲ್ಲಿಟ್ಟಿದ್ದೆವು. ಇಪ್ಪತ್ತು ದಿನದ ನಂತರ ಬೇರುಸಹಿತ ತೊಳೆದು ಒಣಗಿಸಿದಾಗ, ಕೆಲವು ಬೇರು ಹರಿದುಹೋಗಿದ್ದರೂ, 6.4 ಗ್ರಾಂ ತೂಗಿತು. ಮರಳಿನಲ್ಲಿ ಗೊಬ್ಬರವಿರಲಿಲ್ಲ, ಹಾಕಿದ್ದು ಬರೀ ಬಾವಿ ನೀರು. ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂಬ ಹಳೆಯ ಎಣಿಕೆ ಇಲ್ಲಿ ಅಲುಗಾಡಿತು. ಹದಿನೇಳನೇ ಶತಮಾನದ ವಿಜ್ಞಾನಿ ವ್ಯಾನ್ ಹೆಲ್ಮಾಂಟ್‌ನ ವಿಲೋ ಗಿಡದ ಕಥೆಯನ್ನು ನಾನು ಆಗಲೇ ಹೇಳಿದ್ದು: 5 ಪೌಂಡಿನ ಸಸಿ 5 ವರ್ಷದಲ್ಲಿ 169 ಪೌಂಡ್ ಆಯಿತು, 200 ಪೌಂಡ್ ಮಣ್ಣಿನಲ್ಲಿ ಕಡಿಮೆಯಾದದ್ದು ಕೆಲವೇ ಔನ್ಸ್. ತೂಕವೆಲ್ಲ ನೀರಿನಿಂದಲೇ ಬಂತೆಂದು ಅವನು ತೀರ್ಮಾನಿಸಿದ. 1648ರಲ್ಲಿ ಅದು ಅಚ್ಚಾಗುವಾಗ ಗಾಳಿಯ ಪಾಲು ಯಾರಿಗೂ ತಿಳಿದಿರಲಿಲ್ಲ. ಬೆಳಕು ಬಿದ್ದಾಗ ಮಾತ್ರ ಹಸಿರು ಭಾಗಗಳು ಆಕ್ಸಿಜನ್ ಬಿಡುತ್ತವೆ ಎಂದು ಡಚ್ ವೈದ್ಯ ಇಂಗೆನ್‌ಹೌಸ್ ತೋರಿಸಿದ್ದು 1779ರಲ್ಲಿ. ಸಸ್ಯದ ಎಲ್ಲ ಭಾಗಗಳೂ ಕತ್ತಲಲ್ಲಿ ಗಾಳಿಯನ್ನು ಕೆಡಿಸುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ನಮ್ಮ ಬಾಣದ ಚಿತ್ರಗಳು ಅದರಲ್ಲಿ ಮೊದಲ ಅರ್ಧವನ್ನಷ್ಟೇ ಉಳಿಸಿಕೊಂಡಿವೆ.

ಕಳೆದುಹೋದ 0.63 ಗ್ರಾಂ ಎಲ್ಲಿಗೆ ಹೋಯಿತೆಂದು ತೋರಿಸಲು ಎಲೆಅಡಿಕೆಯ ಸುಣ್ಣ ಸಾಕಾಯಿತು. ಒಂದು ಚಮಚ ಸುಣ್ಣವನ್ನು ಬಾಟಲಿ ನೀರಿನಲ್ಲಿ ಕುಲುಕಿ, ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬೇಕು. ಮೊಳಕೆಯ ಜಾಡಿಯೊಳಗೆ ಈ ತಿಳಿನೀರಿನ ಬಟ್ಟಲಿಟ್ಟು ಮುಚ್ಚಿದರೆ ಮೊಳಕೆ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಸುಣ್ಣದೊಂದಿಗೆ ಸೇರಿ ಮರುದಿನ ಅದರ ಮೇಲೆ ಬಿಳಿ ಕೆನೆ ಕಟ್ಟಿರುತ್ತದೆ. ಅದೇ ನೀರಿಗೆ ಮಕ್ಕಳು ಕೊಳವೆಯಲ್ಲಿ ಊದಿದರು. ಗಾಳಿಯಲ್ಲಿ ಶೇಕಡಾ 0.04ರಷ್ಟಿರುವ ಕಾರ್ಬನ್ ಡೈಆಕ್ಸೈಡ್ ನಮ್ಮ ನಿಶ್ವಾಸದಲ್ಲಿ ಸುಮಾರು ಶೇಕಡಾ 4ರಷ್ಟಿರುವುದರಿಂದ ನೀರು ಬೇಗನೆ ಹಾಲಾಯಿತು, ಓಡಿ ಬಂದವರಿಗೆ ಇನ್ನೂ ಬೇಗ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು, ಅಶ್ವತ್ಥ ಮಾತ್ರ ರಾತ್ರಿಯೂ ಆಕ್ಸಿಜನ್ ಕೊಡುತ್ತದೆ ಎಂಬ ಮಾತುಗಳು ಆಗ ಬಂದವು. ಆಕ್ಸಿಜನ್ ಬರುವುದು ಬೆಳಕಿನ ಬಲದಿಂದ ನೀರು ಒಡೆದಾಗ, ಆದ್ದರಿಂದ ಕತ್ತಲಲ್ಲಿ ಅದನ್ನು ಬಿಡುವ ಮರವಿಲ್ಲ. ಕೋಣೆಯಲ್ಲಿಟ್ಟ ಒಂದು ಕುಂಡದ ಗಿಡಕ್ಕಿಂತ ಪಕ್ಕದ ಚಾಪೆಯಲ್ಲಿ ಮಲಗಿದ ತಮ್ಮನೇ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ ಎಂದೆ.

ಆದರೂ ಒಂದು ಸಂದೇಹ ಉಳಿಯಿತು. ಗಿಡ ಹಗಲಲ್ಲೂ ಉಸಿರಾಡುತ್ತದೆ ಎಂದಾದರೆ ಹಗಲಲ್ಲಿ ಎಲೆಯಿಟ್ಟ ಜಾಡಿಯ ಸುಣ್ಣದ ನೀರು ಏಕೆ ಹಾಲಾಗುವುದಿಲ್ಲ ಎಂದು ಒಬ್ಬಳು ಕೇಳಿದಳು. ಎಲೆ ತಾನು ಬಿಟ್ಟದ್ದನ್ನು ತಾನೇ ಮರಳಿ ಎಳೆದುಕೊಳ್ಳುತ್ತದೆ, ಆದಾಯ ಖರ್ಚನ್ನು ಮುಚ್ಚಿಬಿಡುತ್ತದೆ ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಹಾಗಾದರೆ ಆದಾಯವೇ ಇಲ್ಲದ ಭಾಗವನ್ನು ಇಡೋಣ ಎಂದು ಮರುದಿನ ಮನೆಯಂಗಳದ ನಾಲ್ಕು ಕೆಂಪು ಡೇರೆ ಹೂ ತಂದಳು. ಹಸಿರು ತೊಟ್ಟನ್ನೂ ಹೂವಿನಡಿಯ ಹಸಿರು ದಳಗಳನ್ನೂ ಕಿತ್ತು, ಪಕಳೆಗಳನ್ನು ಗಾಜಿನ ಜಾಡಿಗೆ ತುಂಬಿ, ಸುಣ್ಣದ ತಿಳಿನೀರಿನ ಬಟ್ಟಲಿಟ್ಟು ಮುಚ್ಚಿ, ಬೆಳಕು ಚೆನ್ನಾಗಿ ಬೀಳುವ ಕಿಟಕಿಯಲ್ಲಿಟ್ಟೆವು. ಪಕ್ಕದಲ್ಲಿ ಬರೀ ತಿಳಿನೀರಿನ ಇನ್ನೊಂದು ಜಾಡಿ. ಬೆಳಿಗ್ಗೆ ಹತ್ತೂವರೆಗೆ ಇಟ್ಟದ್ದು. ಸಂಜೆ ಕೊನೆಯ ಗಂಟೆ ಬಾರಿಸುವಾಗ ಖಾಲಿ ಜಾಡಿಯ ನೀರು ತಿಳಿಯಾಗಿಯೇ ಇತ್ತು, ಹೂವಿನ ಜಾಡಿಯ ಬಟ್ಟಲಿನ ಮೇಲೆ ಬಿಳಿ ಕೆನೆ ಕಟ್ಟಿತ್ತು.