ಕೆರೆ ಶಾಸನಗಳ ಮೇಲೆ ಲೇಖನ ಬರೆಯುವ ಮುಂಚೆ

ನಾನು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈಚೆಗೆ ಕೋಲಾರ ಸೀಮೆಯ ಕೆರೆ ಶಾಸನಗಳ ಮೇಲೆ ಒಂದು ಸಂಶೋಧನಾ ಲೇಖನ ಬರೆದೆ. ಬರೆಯೋದಕ್ಕಿಂತ ಅದರ ಯೋಜನೆಗೇ ಜಾಸ್ತಿ ಸಮಯ ಹಿಡಿಯಿತು. ಪಿಎಚ್‌ಡಿಗೆ ಸೇರಿರುವ ಹಳೇ ವಿದ್ಯಾರ್ಥಿಗಳು ಆಗಾಗ ಔಟ್‌ಲೈನ್ ಹೇಗೆ ಮಾಡ್ತೀರಿ ಅಂತ ಕೇಳುತ್ತಿರುತ್ತಾರೆ. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

‘ಕೋಲಾರದ ಕೆರೆಗಳು’ ಅನ್ನೋದು ವಿಷಯ ಆಯಿತು, ಪ್ರಶ್ನೆ ಆಗಲಿಲ್ಲ. ವಿಷಯ ಇಟ್ಟುಕೊಂಡು ಕೂತರೆ ಸಿಕ್ಕಿದ್ದೆಲ್ಲ ಒಳಗೆ ಬರುತ್ತದೆ: ಭೂಗೋಳ, ಮಳೆ, ರಾಜವಂಶ, ದೇವಸ್ಥಾನ, ಎಲ್ಲವೂ. ಅದಕ್ಕೇ ಪ್ರಶ್ನೆ ಗಟ್ಟಿಯಾಗುವ ತನಕ ಬೇರೆ ಕೆಲಸಕ್ಕೆ ಕೈ ಹಾಕಲಿಲ್ಲ. ಕೆರೆ ಕಟ್ಟಿಸಿದವರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಕಟ್ಟಿದ ಮೇಲೆ ಅದನ್ನು ನೋಡಿಕೊಂಡವರು ಯಾರು? ಆ ಖರ್ಚು ಎಲ್ಲಿಂದ ಬಂತು? ನನ್ನ ಪ್ರಶ್ನೆ ಇಷ್ಟೇ. ಒಂದು ಪ್ರಶ್ನೆಯನ್ನು ಆರಿಸುವಾಗ ನಾನು ನೋಡೋದು ಒಂದೇ: ನನ್ನ ಕೈಲಿರುವ ಆಕರ ಇದಕ್ಕೆ ಉತ್ತರ ಕೊಡುತ್ತದಾ? ‘ರೈತರಿಗೆ ನೀರು ಸಾಲುತ್ತಿತ್ತೇ’ ಅನ್ನೋದು ಒಳ್ಳೇ ಪ್ರಶ್ನೆ, ಆದರೆ ಶಾಸನ ಅದನ್ನು ಹೇಳುವುದಿಲ್ಲ. ಯಾರಿಗೆ ಯಾವ ಗದ್ದೆ, ಯಾವ ಕೆಲಸಕ್ಕಾಗಿ ಬಿಟ್ಟರು ಅನ್ನೋದನ್ನು ಹೇಳುತ್ತದೆ.

ಆಮೇಲೆ ಎಲ್ಲೆ ಹಾಕಿಕೊಂಡೆ. ಮೂಲ ಆಕರ ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ 10ನೇ ಸಂಪುಟ. ಕೋಲಾರ ಜಿಲ್ಲೆಯ ಸಂಪುಟ ಅದು, 1905ರಲ್ಲಿ ಬಂದದ್ದು. ಇಲ್ಲಿ ಒಂದು ತೊಡಕು ಇದೆ. ರೈಸ್ ಕಾಲದ ಕೋಲಾರ ಜಿಲ್ಲೆಯಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ ಎಲ್ಲ ಸೇರಿದ್ದವು. 2007ರಲ್ಲಿ ಅವು ಬೇರೆ ಜಿಲ್ಲೆಯಾದವು. ಇವತ್ತಿನ ಕೋಲಾರ ಜಿಲ್ಲೆಯನ್ನು ಮಾತ್ರ ತೆಗೆದುಕೊಳ್ಳಲೋ ಹಳೇ ಜಿಲ್ಲೆಯನ್ನೋ? ಹಳೇದನ್ನೇ ತೆಗೆದುಕೊಂಡೆ. ಸಂಪುಟದ ಎಲ್ಲೆಯೇ ಲೇಖನದ ಎಲ್ಲೆಯಾದರೆ, ಬೇರೆಯವರು ನನ್ನ ಲೆಕ್ಕ ಸರಿಯೋ ತಪ್ಪೋ ಅಂತ ಪುಟ ತಿರುಗಿಸಿ ನೋಡಬಹುದು. ಇದನ್ನು ಲೇಖನದಲ್ಲಿ ಎರಡು ಸಾಲಿನಲ್ಲಿ ಹೇಳಿಬಿಡಬೇಕು. ಹೇಳದಿದ್ದರೆ ವಿಮರ್ಶಕರು ಮೊದಲು ಕೇಳೋದೇ ಅದು.

ಇನ್ನು ಪಟ್ಟಿ. ಎಕ್ಸೆಲ್‌ನಲ್ಲಿ ಶಾಸನಕ್ಕೊಂದು ಸಾಲು. ಮೊದಲ ಕಂಬದಲ್ಲಿ (ಕಾಲಂನಲ್ಲಿ) ತಾಲ್ಲೂಕು ಮತ್ತು ಸಂಖ್ಯೆ: ಮುಳಬಾಗಿಲು ಇಷ್ಟು, ಬೌರಿಂಗ್‌ಪೇಟೆ ಇಷ್ಟು ಅಂತ. ಬೌರಿಂಗ್‌ಪೇಟೆ ಈಗಿನ ಬಂಗಾರಪೇಟೆ, ಆದರೆ ಪಟ್ಟಿಯಲ್ಲಿ ರೈಸ್ ಬರೆದ ಹೆಸರನ್ನೇ ಉಳಿಸಿಕೊಂಡೆ. ಇಲ್ಲದಿದ್ದರೆ ಅಡಿಟಿಪ್ಪಣಿ ಹಾಕುವಾಗ ತಲೆ ಕೆಡುತ್ತದೆ. ಉಳಿದ ಕಂಬಗಳು ಹೀಗೆ: ಕಾಲ, ಭಾಷೆ, ಕೊಟ್ಟವರು, ಪಡೆದವರು, ಕೊಟ್ಟದ್ದು ಏನು, ಹೊಸ ಕೆರೆಯೋ ದುರಸ್ತಿಯೋ. ಭಾಷೆಯ ಕಂಬ ಸುಮ್ನೆ ಹಾಕಿದ್ದಲ್ಲ. ಈ ಸೀಮೆಯಲ್ಲಿ ಕನ್ನಡದ ಜೊತೆ ತಮಿಳು, ತೆಲುಗು ಶಾಸನಗಳೂ ಜಾಸ್ತಿ. ತಮಿಳು ಶಾಸನಗಳಿಗೆ ನಾನು ಅನುವಾದವನ್ನೇ ನೆಚ್ಚಬೇಕು. ಯಾವ ಸಾಲನ್ನು ಮೂಲ ಓದಿ ತುಂಬಿದೆ, ಯಾವುದನ್ನು ಅನುವಾದ ನೋಡಿ ತುಂಬಿದೆ ಅನ್ನೋದು ಕಾಣಲಿ ಅಂತ ಬಣ್ಣ ಬೇರೆ ಮಾಡಿದೆ.

ಕೊನೇ ಕಂಬಕ್ಕೆ ‘ಹೇಳದೇ ಬಿಟ್ಟದ್ದು’ ಅಂತ ಹೆಸರಿಟ್ಟೆ. ಗದ್ದೆ ಕೊಟ್ಟರು ಸರಿ, ಅದಕ್ಕೆ ಪ್ರತಿಯಾಗಿ ಏನು ಮಾಡಬೇಕಿತ್ತು ಅಂತ ಬರೆದಿಲ್ಲ. ಇಂಥದ್ದು ಅಲ್ಲಿಗೆ ಹೋಗುತ್ತದೆ. ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಕಂಬ ಇದು. ದತ್ತಿ ಅಳಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆ (ಹಸು) ಕೊಂದ ಪಾಪ ಬರಲಿ ಅಂತ ಕಲ್ಲು ಶಪಿಸುತ್ತದೆ, ಕೋಡಿಯನ್ನು ಯಾರು ನೋಡಿಕೊಳ್ಳಬೇಕು ಅನ್ನೋದನ್ನು ಮಾತ್ರ ಎಷ್ಟೋ ಸಲ ಹೇಳುವುದೇ ಇಲ್ಲ.

ಪಟ್ಟಿ ಮುಗಿದ ಮೇಲೆಯೇ ಚೌಕಟ್ಟು, ಅಂದರೆ ಔಟ್‌ಲೈನ್. ನಮ್ಮಲ್ಲಿ ರೂಢಿಯಾಗಿರುವ ಚೌಕಟ್ಟು ನಿಮಗೂ ಗೊತ್ತು: ಪೀಠಿಕೆ, ಭೌಗೋಳಿಕ ಹಿನ್ನೆಲೆ, ರಾಜಕೀಯ ಹಿನ್ನೆಲೆ, ಗಂಗರ ಕಾಲ, ಚೋಳರ ಕಾಲ, ಹೊಯ್ಸಳರ ಕಾಲ, ವಿಜಯನಗರ ಕಾಲ, ಉಪಸಂಹಾರ. ಇದು ನನಗೆ ಹಿಡಿಸದ ಪದ್ಧತಿ. ರಾಜವಂಶದ ಪ್ರಕಾರ ಜೋಡಿಸಿದರೆ ಒಂದೇ ಮಾತನ್ನು ನಾಲ್ಕು ಸಲ ಹೇಳಬೇಕಾಗುತ್ತದೆ. ರಾಜ ಬದಲಾದ ಅಂತ ಕೆರೆಯ ಏರಿ ಸೋರೋದು ನಿಲ್ಲುತ್ತದಾ? ಬದಲಾವಣೆ ನಿಜವಾಗಿ ಎಲ್ಲಿದೆಯೋ ಅಲ್ಲಿ ಕಾಲದ ಮಾತು ಬಂದರೆ ಸಾಕು. ಅದಕ್ಕೆ ಕೆರೆಯ ಕೆಲಸದ ಪ್ರಕಾರ ಜೋಡಿಸಿದೆ: ಕಟ್ಟುವುದು, ಒಡೆದಾಗ ಸರಿಮಾಡುವುದು, ವರ್ಷವರ್ಷದ ನಿಗಾ.

ತಲೆಬರಹಗಳನ್ನು ಬರೆಯದೆ ಪೂರ್ತಿ ವಾಕ್ಯಗಳನ್ನೇ ಬರೆದುಕೊಂಡೆ. ‘ಕಟ್ಟುಕೊಡಗೆ’ (ಕೆರೆ ಕಟ್ಟಿಸಿದವರಿಗೆ ಬಿಟ್ಟ ಭೂಮಿ) ಅಂತ ತಲೆಬರಹ ಹಾಕಿದರೆ ಏನೋ ಯೋಚನೆ ಮಾಡಿದ ಹಾಗೆ ಅನಿಸುತ್ತದೆ, ಆದರೆ ಅದರ ಕೆಳಗೆ ಏನು ಹೇಳಬೇಕು ಅನ್ನೋದು ಇನ್ನೂ ಗೊತ್ತಿರುವುದಿಲ್ಲ. ನನ್ನ ಹಾಳೆಯಲ್ಲಿದ್ದ ಮೊದಲ ವಾಕ್ಯ ಇದು: ‘ಕೆರೆ ಕಟ್ಟಿಸಿದವನಿಗೆ ಅದೇ ಕೆರೆಯ ಕೆಳಗಿನ ಗದ್ದೆಯನ್ನು ಕೊಟ್ಟದ್ದರಿಂದ, ಕೆರೆ ಉಳಿದರೆ ಮಾತ್ರ ಅವನಿಗೆ ಫಲ.’ ಎರಡನೆಯದು: ‘ಆಚಂದ್ರಾರ್ಕ (ಚಂದ್ರ ಸೂರ್ಯರಿರುವ ತನಕ) ಅಂತ ಕೊಟ್ಟದ್ದರಿಂದ ಈ ಹಿತಾಸಕ್ತಿ ಅವನ ಮಕ್ಕಳು ಮೊಮ್ಮಕ್ಕಳಿಗೂ ಇಳಿಯಿತು.’ ಮೂರನೆಯದು: ‘ಒಡೆದ ಕೆರೆಯನ್ನು ಸರಿಮಾಡಿದವನಿಗೂ ಭೂಮಿ ಸಿಕ್ಕಿದೆ.’ ನಾಲ್ಕನೆಯದು: ‘ಏರಿಗೆ ಮಣ್ಣು ಹೊಡೆಯುವ ಬಂಡಿ, ಎತ್ತುಗಳಿಗೆ ಬೇರೆಯೇ ದತ್ತಿ ಬಿಟ್ಟದ್ದುಂಟು.’ ಹೀಗೆ ಮುಂದಕ್ಕೆ. ಈ ವಾಕ್ಯಗಳನ್ನು ಒಂದರ ಕೆಳಗೊಂದು ಓದಿದರೆ ಇಡೀ ಲೇಖನದ ವಾದ ಗೊತ್ತಾಗಬೇಕು. ನಡುವೆ ‘ಹಾಗಾದರೆ’, ‘ಆದರೆ’, ‘ಅದಕ್ಕೇ’ ಇಟ್ಟು ಓದಿ ನೋಡುತ್ತೇನೆ. ಯಾವುದೂ ಕೂರದಿದ್ದರೆ ಆ ಎರಡು ವಾಕ್ಯಗಳ ಜಾಗ ಬದಲಾಗಬೇಕು.

ಪ್ರತಿ ವಾಕ್ಯದ ಕೆಳಗೆ ಪಟ್ಟಿಯಿಂದ ಶಾಸನ ಸಂಖ್ಯೆಗಳನ್ನು ಇಳಿಸಿದೆ. ಇದು ದಿನಸಿ ಅಂಗಡಿಯ ಖಾತೆ ಪುಸ್ತಕದ ಹಾಗೆ: ಯಾವ ಮಾತಿನ ಹೆಸರಲ್ಲಿ ಎಷ್ಟು ಜಮೆ ಇದೆ ಅಂತ ಕಣ್ಣಿಗೆ ಹೊಡೆಯುತ್ತದೆ. ಬಂಡಿಯ ವಾಕ್ಯದ ಕೆಳಗೆ ಸಂಖ್ಯೆಗಳು ಕಡಿಮೆ ಇದ್ದವು. ಹಾಗಾಗಿ ‘ಬಿಟ್ಟದ್ದುಂಟು’ ಅಂತಲೇ ಉಳಿಸಿದೆ, ‘ಬಿಡುತ್ತಿದ್ದರು’ ಅಂತ ಮಾಡಲಿಲ್ಲ. ಕ್ರಿಯಾಪದದ ಒಂದು ರೂಪದಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ವಾಕ್ಯಕ್ಕೆ ವಿರುದ್ಧವಾದ ಶಾಸನವನ್ನೂ ಅದರ ಕೆಳಗೇ ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ. ಅಂಥವನ್ನು ಬೇರೆ ಹಾಳೆಯಲ್ಲಿಟ್ಟರೆ ಬರೆಯುವಾಗ ಅನುಕೂಲವಾಗಿ ಮರೆತುಹೋಗುತ್ತವೆ.

ಪೋರುಮಾಮಿಳ್ಳ ಶಾಸನವನ್ನು ಏನು ಮಾಡಬೇಕು ಅಂತ ತುಂಬಾ ಯೋಚಿಸಿದೆ. ಕಡಪ ಜಿಲ್ಲೆಯದು, 1369ರದು, ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ಒಳ್ಳೇ ಕೆರೆಗೆ ಬೇಕಾದ 12 ಅಂಗಗಳನ್ನೂ 6 ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರೋದು ಒಂದು ದೋಷವಂತೆ. ಎಷ್ಟು ಅನುಭವದ ಮಾತು! ಕೆರೆ ಬಗ್ಗೆ ಬರೆಯುವವರೆಲ್ಲ ಇದನ್ನು ಮೊದಲ ಪುಟದಲ್ಲೇ ತರುತ್ತಾರೆ. ನನಗೂ ಆಸೆ ಇತ್ತು. ಆದರೆ ಅದು ಕೆರೆ ಹೇಗಿರಬೇಕು ಅಂತ ಹೇಳುವ ಶಾಸನ. ಯಾರು ನೋಡಿಕೊಂಡರು ಅನ್ನೋ ನನ್ನ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ, ಸೀಮೆಯೂ ಬೇರೆ. ದುರಸ್ತಿಯ ಭಾಗದಲ್ಲಿ, ಏರಿಯಿಂದ ನೀರು ಜಿನುಗುವುದನ್ನು ದೋಷಗಳಲ್ಲಿ ಎಣಿಸಿದ್ದಾರೆ ಅನ್ನುವಷ್ಟಕ್ಕೆ ಒಂದು ಸಾಲು ಕೊಟ್ಟು ಮುಂದೆ ಹೋದೆ.

ಪದಮಿತಿಯನ್ನೂ ಚೌಕಟ್ಟಿನಲ್ಲೇ ಹಂಚಿಕೊಳ್ಳುವುದು ಒಳ್ಳೇದು. ಪತ್ರಿಕೆಯವರು ಕೇಳಿದ್ದು 5000 ಪದದೊಳಗೆ. ರಾಜಕೀಯ ಹಿನ್ನೆಲೆಗೆ ಒಂದೇ ಪ್ಯಾರಾ, ಹಿಂದಿನವರ ಕೆಲಸದ ಸಮೀಕ್ಷೆಗೆ ಎರಡು, ದುರಸ್ತಿ ಮತ್ತು ನಿಗಾಕ್ಕೆ ಅರ್ಧಕ್ಕಿಂತ ಜಾಸ್ತಿ ಅಂತ ಇಟ್ಟುಕೊಂಡೆ. ಪೀಠಿಕೆ ಮತ್ತು ಸಾರಾಂಶಕ್ಕೆ ಜಾಗ ಬಿಟ್ಟೆ, ಬರೆದದ್ದು ಕೊನೆಯಲ್ಲಿ.

ಬರೆಯಲು ಕೂರುವ ಮುಂಚೆ ಹಾಳೆಯನ್ನು ಯಾರಿಗಾದರೂ ಬಾಯಲ್ಲಿ ಹೇಳುವುದು ನನ್ನ ರೂಢಿ. ಈ ಸಲ ಸಿಕ್ಕಿದ್ದು ಶ್ರೀನಿವಾಸಪುರದ ಕಡೆಯ ನಮ್ಮ ಮಾವ. ಬೇಸಾಯ ಮಾಡಿದವರು. ಎಲ್ಲಾ ಕೇಳಿಸಿಕೊಂಡು, “ಏರಿಗೆ ಮಣ್ಣು ಹಾಕಿದ್ದು ಸರಿ ಕಣಪ್ಪ, ಹೂಳು ಎತ್ತಿದ್ದು ಎಲ್ಲಿಗೆ ಹೋಯ್ತು? ಗದ್ದೆಗೆ ಹೊಡೆದುಕೊಂಡ್ರಾ?” ಅಂದರು. ವಾಪಸ್ ಬಂದು ಪಟ್ಟಿ ನೋಡಿದರೆ ಅದಕ್ಕೆ ಉತ್ತರ ಕೊಡುವ ಸಾಲು ಇರಲಿಲ್ಲ. ಅದಕ್ಕೇ ಚೌಕಟ್ಟಿನ ಕೊನೆಗೆ ಇನ್ನೊಂದು ವಾಕ್ಯ ಸೇರಿತು: ‘ದತ್ತಿಯಿಂದ ನಡೆದ ಕೆಲಸ ಶಾಸನದಲ್ಲಿ ಕಾಣುತ್ತದೆ, ರೈತರು ತಮ್ಮ ಲಾಭಕ್ಕೆ ತಾವೇ ಮಾಡಿಕೊಂಡಿರಬಹುದಾದ ಕೆಲಸ ಕಾಣುವುದಿಲ್ಲ.’ ಇಡೀ ಲೇಖನದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದೇ.

ಮೊದಲ ಕರಡು ಮುಗಿದ ಮೇಲೆ ಚೌಕಟ್ಟನ್ನು ಪಕ್ಕಕ್ಕಿಟ್ಟು, ಕರಡಿನ ಪ್ರತಿ ಪ್ಯಾರಾದ ಅಂಚಿನಲ್ಲಿ ಅದು ಏನು ಹೇಳುತ್ತಿದೆ ಅಂತ ಒಂದೊಂದು ವಾಕ್ಯ ಬರೆದೆ. ಆಮೇಲೆ ಎರಡನ್ನೂ ತಾಳೆ ನೋಡಿದೆ. ದಶವಂದದ (ಕೆರೆ ಕಟ್ಟಿದ, ಸರಿಮಾಡಿದ ಕೆಲಸಕ್ಕೆ ಬಿಡುತ್ತಿದ್ದ ದತ್ತಿಯ) ಬಗ್ಗೆ ಎರಡು ಪ್ಯಾರಾ ಒಂದೇ ಮಾತು ಹೇಳುತ್ತಿದ್ದವು, ಒಂದನ್ನು ತೆಗೆದೆ. ಬರೆಯುತ್ತಾ ಬರೆಯುತ್ತಾ ಹೊಸದಾಗಿ ಹೊಳೆದ ಒಂದು ಮಾತು ಚೌಕಟ್ಟಿನಲ್ಲಿ ಇರಲಿಲ್ಲ. ಅದು ಚೆನ್ನಾಗಿತ್ತು, ಹಾಗಾಗಿ ಚೌಕಟ್ಟನ್ನೇ ತಿದ್ದಿಕೊಂಡೆ.

ವಿಮರ್ಶಕರು ಕೇಳಿದ್ದು ಒಂದೇ: ಚೋಳರ ಕಾಲದ ತಮಿಳು ಶಾಸನಗಳಲ್ಲೂ ಇದೇ ವ್ಯವಸ್ಥೆ ಇತ್ತೇ, ಬೇರೆಯಾಗಿ ಹೇಳಿ ಅಂತ. ಪಟ್ಟಿಯನ್ನು ಭಾಷೆಯ ಕಂಬದ ಪ್ರಕಾರ ಫಿಲ್ಟರ್ ಮಾಡಿದೆ. ಬಣ್ಣದ ಸಾಲುಗಳನ್ನು ತಮಿಳು ಬಲ್ಲ ಸಹೋದ್ಯೋಗಿಯೊಬ್ಬರ ಜೊತೆ ಕೂತು ಮೂಲದೊಂದಿಗೆ ಹೋಲಿಸಿದೆ. ಎರಡನೇ ವಾಕ್ಯ ಮತ್ತು ಮೂರನೇ ವಾಕ್ಯದ ನಡುವೆ ಒಂದು ಪ್ಯಾರಾ ಸೇರಿಸಿ, ಪದಮಿತಿಗಾಗಿ ರಾಜಕೀಯ ಹಿನ್ನೆಲೆಯನ್ನು ಇನ್ನೂ ನಾಲ್ಕು ಸಾಲು ಕತ್ತರಿಸಿ ವಾಪಸ್ ಕಳಿಸಿದೆ.